ಬಾಗಿಲು ತಪ್ಪಿದ ದಾವೆ

ನಾನು ವಕೀಲಿ ವೃತ್ತಿಗಿಳಿದ ಹೊಸತರಲ್ಲಿ ಮುನ್ಸೀಫ್ ಕೋರ್ಟಿನ ಜಗಲಿಯ ಮೇಲೆ ಹಿರಿಯರೊಬ್ಬರು ನನ್ನನ್ನು ತಡೆದು, "ನಾನು ಸೋತೆನೆ, ಸ್ವಾಮಿ?" ಎಂದು ಕೇಳಿದರು. ಸರಕಾರದಿಂದ ಬರಬೇಕಾದ ಹಣಕ್ಕಾಗಿ ಅವರು ಹೂಡಿದ್ದ ದಾವೆಯ ವಾದಪತ್ರ ಆ ದಿನ ಅವರ ಕೈಗೇ ಮರಳಿ ಬಂದಿತ್ತು. ಒಂದು ಸಾಕ್ಷಿಯ ವಿಚಾರಣೆಯೂ ಆಗಿರಲಿಲ್ಲ. ದಾವೆಯ ಮೊಬಲಗು ಈ ನ್ಯಾಯಾಲಯದ ಮಿತಿಯನ್ನು ಮೀರಿದೆ ಎಂದು ಸರಕಾರಿ ವಕೀಲರು ಎದ್ದು ಹೇಳಿದ್ದರು, ಅಷ್ಟೇ. ಎರಡು ವರ್ಷ ಅಲೆದಿದ್ದ ಮನುಷ್ಯನಿಗೆ "ಸೋತಿಲ್ಲ" ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಆದರೆ ನಿಜ ಅದೇ ಆಗಿತ್ತು.

ಅಧಿಕಾರವ್ಯಾಪ್ತಿಯಿಲ್ಲವೆಂದರೆ ವಾದಿಯ ಹಕ್ಕು ಸುಳ್ಳೆಂದು ಅರ್ಥವಲ್ಲ. ಅದು ದಿಟವೋ ಸಟೆಯೋ ಎಂದು ತೂಗಿ ನೋಡುವ ತಕ್ಕಡಿ ಆ ನ್ಯಾಯಾಲಯದ ಬಳಿ ಇಲ್ಲವೆಂದು ಮಾತ್ರ ಅರ್ಥ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಏಳನೆಯ ಆದೇಶ ಇಲ್ಲಿ ಎರಡು ದಾರಿಗಳನ್ನು ತೋರಿಸುತ್ತದೆ. ಬೇರೊಂದು ನ್ಯಾಯಾಲಯದಲ್ಲಿ ಹೂಡಬೇಕಾಗಿದ್ದ ದಾವೆಯಾದರೆ ಹತ್ತನೆಯ ನಿಯಮದಂತೆ ವಾದಪತ್ರವನ್ನು ಹಿಂದಿರುಗಿಸಬೇಕು. ಅದರ ಮೇಲೆ ಸಲ್ಲಿಸಿದ ದಿನ, ಹಿಂದಿರುಗಿಸಿದ ದಿನ, ಸಲ್ಲಿಸಿದವರ ಹೆಸರು, ಸಂಕ್ಷೇಪವಾಗಿ ಕಾರಣ, ಇಷ್ಟನ್ನು ನ್ಯಾಯಾಧೀಶರು ಷರಾ ಬರೆಯಬೇಕು. ಇಂಥ ದಾವೆಯೇ ಕಾನೂನಿನಿಂದ ನಿಷಿದ್ಧವೆಂದು ವಾದಪತ್ರದ ಮಾತುಗಳಿಂದಲೇ ಕಂಡುಬಂದರೆ ಹನ್ನೊಂದನೆಯ ನಿಯಮದಂತೆ ಅದನ್ನು ತಿರಸ್ಕರಿಸಬೇಕು. ನಮ್ಮ ಜನ ಎರಡನ್ನೂ ‘ಕೇಸು ಹೋಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಸರಕಾರವೇ ಪ್ರತಿವಾದಿಯಾದಾಗ ಈ ಎರಡನೆಯ ದಾರಿಯ ಮಾತು ಮತ್ತೆ ಮತ್ತೆ ಏಳುತ್ತದೆ. ಸಿವಿಲ್ ಸ್ವರೂಪದ ದಾವೆಗಳನ್ನೆಲ್ಲ ಸಿವಿಲ್ ನ್ಯಾಯಾಲಯ ವಿಚಾರಿಸಬಹುದೆಂದು ಸಂಹಿತೆಯ ಒಂಬತ್ತನೆಯ ಕಲಮು ಹೇಳುತ್ತದೆ, ನಿಷೇಧವಿದ್ದವನ್ನು ಬಿಟ್ಟು. ತೆರಿಗೆ, ಕಂದಾಯ, ಭೂಸುಧಾರಣೆಯ ಕಾಯಿದೆಗಳಲ್ಲಿ ಅಂಥ ನಿಷೇಧ ಸಾಮಾನ್ಯ. ಹಾಗಾದರೆ ಆ ಒಂದು ಸಾಲನ್ನು ಓದಿ ಹೇಳಿದೊಡನೆ ಪ್ರಜೆ ಬಾಯಿ ಮುಚ್ಚಬೇಕೆ?

ಉಜ್ಜಯಿನಿಯ ತಂಬಾಕು ವ್ಯಾಪಾರಿಗಳು ಮುಚ್ಚಲಿಲ್ಲ. ಅಂದಿನ ಮಧ್ಯಭಾರತ ರಾಜ್ಯ ಹೊರಗಿನಿಂದ ತಂದ ತಂಬಾಕಿಗೆ ಮಾರಾಟ ತೆರಿಗೆ ಹಾಕಿ, ಒಳಗೇ ಆದ ತಂಬಾಕನ್ನು ಬಿಟ್ಟುಕೊಟ್ಟಿತ್ತು. ಇದು ಸಂವಿಧಾನವಿತ್ತ ವ್ಯಾಪಾರ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು, ತೆತ್ತ ಹಣವನ್ನು ಮರಳಿ ಕೇಳಿ ಅವರು ದಾವೆ ಹೂಡಿದರು. ಕಾಯಿದೆಯ ನಿಷೇಧವನ್ನು ಮುಂದೊಡ್ಡಿ ಇಂಥ ದಾವೆ ನಡೆಯದೆಂದು ಉಚ್ಚ ನ್ಯಾಯಾಲಯ ಹೇಳಿತು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ತೀರ್ಪನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ. ಧೂಲಾಭಾಯಿ ಮೊಕದ್ದಮೆಯೆಂದು ಹೆಸರಾದ ಆ ತೀರ್ಪಿನ ಏಳು ಸೂತ್ರಗಳನ್ನು ವಕೀಲರು ಇಂದಿಗೂ ಎಣಿಸಿ ಹೇಳುತ್ತಾರೆ. ಸಿವಿಲ್ ನ್ಯಾಯಾಲಯ ಕೊಡಬಹುದಾಗಿದ್ದ ಪರಿಹಾರವನ್ನು ಆ ಕಾಯಿದೆಯೇ ಬೇರೆಡೆ ಕೊಟ್ಟಿದೆಯೇ ಎಂದು ನೋಡಬೇಕು; ಬಾಗಿಲು ಮುಚ್ಚಿತೆಂದು ಸುಲಭವಾಗಿ ಊಹಿಸಬಾರದು. ತೆರಿಗೆಯೇ ಸಂವಿಧಾನಬಾಹಿರವೆಂಬ ಪ್ರಶ್ನೆಯನ್ನು ಆ ಕಾಯಿದೆಯಿಂದಲೇ ಹುಟ್ಟಿದ ಅಧಿಕಾರಿ ತೀರ್ಮಾನಿಸಲಾರ. ನನಗೆ ಇದು ನ್ಯಾಯಶಾಸ್ತ್ರಕ್ಕಿಂತ ಹೆಚ್ಚಾಗಿ ಸಾಮಾನ್ಯ ವಿವೇಕವೆಂದೇ ತೋರುತ್ತದೆ.

ಇನ್ನು ಕಳೆದ ಕಾಲದ ಲೆಕ್ಕ. ತಪ್ಪು ನ್ಯಾಯಾಲಯದಲ್ಲಿ ಸದ್ಭಾವನೆಯಿಂದ, ತಕ್ಕ ಎಚ್ಚರದಿಂದ ದಾವೆ ನಡೆಸಿದ ಅವಧಿಯನ್ನು 1963ರ ಕಾಲಮಿತಿ ಕಾಯಿದೆಯ ಹದಿನಾಲ್ಕನೆಯ ಕಲಮು ವಾಯಿದೆಯಿಂದ ಕಳೆದುಕೊಡುತ್ತದೆ. ಹಿಂದಿರುಗಿದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತವನಿಗೆ ಈ ಉಪಕಾರವಿಲ್ಲ.

ಆ ಹಿರಿಯರಿಗೆ ಷರಾದ ಎರಡು ದಿನಾಂಕಗಳನ್ನೂ ಬೆರಳಿಟ್ಟು ತೋರಿಸಿ ಇದನ್ನೇ ಹೇಳಿದೆ. ಅವರು ಕಾಗದವನ್ನು ಮಡಿಚಿ ಕೈಚೀಲದೊಳಗಿಟ್ಟು, "ದೊಡ್ಡ ಕೋರ್ಟಿರುವ ಊರಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದರು.