ಶಾಲೆ ಮುಗಿಯಿತು, ಮುಂದೇನು?

ಚನ್ನಪಟ್ಟಣದ ಹತ್ತಿರ ಒಬ್ಬ ತಾಯಿ ಕೇಳಿದರು: "ಟೀಚರಮ್ಮ, ಮಗನಿಗೆ ಹದಿನೇಳು ತುಂಬಿತು. ಶಾಲೆ ಮುಗೀತು. ನಾನು ಹೋದ ಮೇಲೆ ಇವನ್ನ ಯಾರು ನೋಡ್ಕೋತಾರೆ?"

ಆ ಹುಡುಗನಿಗೆ ಆಟಿಸಂ ಇದೆ. ಇದು ಅಂಟುರೋಗವಲ್ಲ. ಗ್ರಹದ ಕಾಟವಲ್ಲ. ತಾಯಿಯ ತಪ್ಪೂ ಅಲ್ಲ. ಮೆದುಳು ಬೇರೆ ರೀತಿ ಬೆಳೆದಿರುತ್ತದೆ. ಕೆಲವರಿಗೆ ಮಾತು ಕಡಿಮೆ. ಕೆಲವರಿಗೆ ಗದ್ದಲ ಆಗದು. ದಿನಚರಿ ಬದಲಾದರೆ ಗಾಬರಿಯಾಗುತ್ತಾರೆ.

ಶಾಲೆ ನಿಂತರೆ ದಿನಚರಿಯೇ ನಿಂತ ಹಾಗೆ. ಆದ್ದರಿಂದ ಶಾಲೆ ಮುಗಿಯುವ ಮೊದಲೇ ಒಂದು ಕೆಲಸ ಶುರು ಮಾಡಿಸಿ. ಅವರಿಗೆ ಏನು ಇಷ್ಟ ನೋಡಿ. ರಾಮನಗರ, ಕನಕಪುರ, ಮಾಗಡಿ ಕಡೆ ರೇಷ್ಮೆ ಉಂಟು. ಚಂದ್ರಿಕೆಯಿಂದ ಗೂಡು ಬಿಡಿಸಬಹುದು. ಕೆಟ್ಟ ಗೂಡು ಆರಿಸಬಹುದು. ಚನ್ನಪಟ್ಟಣದಲ್ಲಿ ಮರದ ಮಣಿಗಳನ್ನು ಬಣ್ಣ ನೋಡಿ ಬೇರೆ ಮಾಡಬಹುದು.

ಒಂದೊಂದೇ ಹೆಜ್ಜೆ ಮಾಡಿ ತೋರಿಸಿ. ಚಿತ್ರ ಬರೆದು ಗೋಡೆಗೆ ಅಂಟಿಸಿ. ಬಸ್ಸು ಹತ್ತುವುದು, ಚಿಲ್ಲರೆ ಎಣಿಸುವುದು ಕಲಿಸಿ. ಇಷ್ಟವಿಲ್ಲದ್ದಕ್ಕೆ 'ಬೇಡ' ಅನ್ನುವುದನ್ನೂ ಕಲಿಸಿ. ಕೂಲಿ ಬಂದರೆ ಅವರ ಕೈಗೇ ಕೊಡಿಸಿ.

ಕಾನೂನೂ ನಮ್ಮ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ವೈದ್ಯರು ಪರೀಕ್ಷೆ ಮಾಡಿ ಒಪ್ಪಿದರೆ ಯುಡಿಐಡಿ ಕಾರ್ಡು ಸಿಗುತ್ತದೆ. 18 ತುಂಬಿದವರು ವಯಸ್ಕರು. ಆಸ್ತಿ, ಬ್ಯಾಂಕಿನ ವಿಷಯದಲ್ಲಿ ಆಸರೆ ಬೇಕೇ ಬೇಕಾದರೆ, 1999ರ ಕಾಯ್ದೆಯಂತೆ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಯವರ ಸಮಿತಿಗೆ ಅರ್ಜಿ ಹಾಕಬೇಕು. ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಆ ಹುಡುಗ ಈಗ ಚಿಕ್ಕಪ್ಪನ ಹುಳುಮನೆಗೆ ಹೋಗುತ್ತಾನೆ. ಮೊದಲು ಅರ್ಧ ಗಂಟೆ ಕೂರುತ್ತಿದ್ದ. ಈಗ ಎರಡು ಗಂಟೆ ಕೆಲಸ ಮಾಡುತ್ತಾನೆ.

ಅಕ್ಕಂದಿರೇ, ಇದು ತಾಯಿ ಒಬ್ಬಳೇ ಹೊರುವ ಭಾರವಲ್ಲ. ನಿಮ್ಮ ಸಂಘದಲ್ಲೂ ಈ ಮಾತು ಎತ್ತಿ.