ನಿವೃತ್ತಿಯ 33 ವರ್ಷಗಳ ನಂತರ ಬಂದ ಬಡ್ತಿ

1986ರ ಏಪ್ರಿಲ್ 28. ರಾಷ್ಟ್ರಪತಿ ಭವನದಲ್ಲಿ ಕೊಡಗಿನ ಕೆ.ಎಂ. ಕಾರಿಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಪ್ರದಾನವಾಯಿತು. ಅವರು ಸೇನೆಯಿಂದ ನಿವೃತ್ತರಾಗಿ ಆಗಲೇ 33 ವರ್ಷ ಕಳೆದಿತ್ತು, ವಯಸ್ಸು 85 ದಾಟಿತ್ತು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯ ಮಹಾದಂಡನಾಯಕರು ಅವರು. ಆ ದಿನವನ್ನು ಇಂದಿಗೂ ಸೇನಾ ದಿನವಾಗಿ ಆಚರಿಸುತ್ತೇವೆ. ಹಾಗಿದ್ದೂ ಐದು ನಕ್ಷತ್ರಗಳ ಗೌರವ ಅವರನ್ನು ತಲುಪಲು ಇಷ್ಟು ಕಾಲ ಹಿಡಿಯಿತು. ಅದೃಷ್ಟಕ್ಕೆ ಅವರು ಬದುಕಿದ್ದರು. ಮುಂದೆ ಏಳು ವರ್ಷ, 1993ರಲ್ಲಿ ಬೆಂಗಳೂರಿನಲ್ಲಿ ಕೊನೆಯುಸಿರೆಳೆಯುವವರೆಗೂ, ಆ ಪದವಿ ಅವರ ಜೊತೆಗಿತ್ತು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೇ ಇಲ್ಲ.

ಸತ್ತ ಮೇಲೂ ಬಡ್ತಿ ಕೊಡಬಹುದು. ಜಾರ್ಜ್ ವಾಷಿಂಗ್ಟನ್ 1799ರಲ್ಲಿ ತೀರಿಕೊಂಡಾಗ ಲೆಫ್ಟಿನೆಂಟ್ ಜನರಲ್. ಕಾಲಾಂತರದಲ್ಲಿ ಗ್ರಾಂಟ್, ಪರ್ಶಿಂಗ್ ಮುಂತಾದ ಸೇನಾನಿಗಳು ದರ್ಜೆಯಲ್ಲಿ ಅವರನ್ನು ಮೀರಿದರು. ದೇಶ ಕಟ್ಟಿದವನಿಗಿಂತ ಮೇಲೆ ಯಾರೂ ಇರಬಾರದೆಂದು ಅಮೆರಿಕದ ಸಂಸತ್ತು 1976ರಲ್ಲಿ ಕಾನೂನು ಮಾಡಿ ಅವರನ್ನು ಅತ್ಯುನ್ನತ ದರ್ಜೆಗೇರಿಸಿತು. ತಪ್ಪೇನಲ್ಲ. ಆದರೆ ಅದರಿಂದ ಸಮಾಧಾನವಾದದ್ದು ಬದುಕಿದ್ದವರಿಗೆ.

ನನಗೆ ಹೆಚ್ಚು ಆಪ್ತವಾಗುವುದು ನಮ್ಮ ಸೇನೆಯ ಇನ್ನೊಂದು ಪದ್ಧತಿ. ಪ್ರತಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಕ್ಕೆ ಆಯ್ದ ಸುಬೇದಾರರಿಗೆ, ಸುಬೇದಾರ್ ಮೇಜರ್‌ಗಳಿಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ದರ್ಜೆ ಸಿಗುತ್ತದೆ. ಸಿಪಾಯಿಯಾಗಿ ಸೇರಿ, ಜೀವಮಾನದ ಸೇವೆಯ ಕೊನೆಗೆ ಅಧಿಕಾರಿಯ ನಕ್ಷತ್ರ ಹೆಗಲಿಗೇರುವ ಗಳಿಗೆ ಅದು. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನಲ್ಲಿ ಹೋರಾಡಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಘೋಷಿಸುವಾಗ ಅವರು ಹುತಾತ್ಮರಾದರೆಂದೇ ತಪ್ಪಾಗಿ ತಿಳಿಯಲಾಗಿತ್ತು. ಅದೇ ಯಾದವ್ 2021ರಲ್ಲಿ ಆನರರಿ ಕ್ಯಾಪ್ಟನ್ ಆದರು. ಕೊಡುವುದಿದ್ದರೆ ಹೀಗೆ ಕೊಡಬೇಕು: ಪಡೆದವನು ಅದನ್ನು ತೊಟ್ಟು ಊರಿಗೆ ಹೋಗಿ ಮನೆಯವರ ಮುಂದೆ ನಿಲ್ಲುವಂತೆ.

ಕೊಟ್ಟಮೇಲೆ ಪೂರ್ತಿಯಾಗಿಯೂ ಕೊಡಬೇಕು. ಸೇನಾ ಮುಖ್ಯಸ್ಥರಾಗಿದ್ದ ಸ್ಯಾಮ್ ಮಾಣೆಕ್ ಷಾ 1973ರಲ್ಲೇ ಫೀಲ್ಡ್ ಮಾರ್ಷಲ್ ಆದರು. ಆ ದರ್ಜೆಗೆ ಸಲ್ಲಬೇಕಾದ ಪೂರ್ಣ ವೇತನದ ಬಾಕಿ, ಒಂದು ಕೋಟಿ ರೂಪಾಯಿಗೂ ಹೆಚ್ಚು, ಅವರ ಕೈ ಸೇರಿದ್ದು 2007ರಲ್ಲಿ. ಅಷ್ಟರಲ್ಲಿ ಅವರು 90 ದಾಟಿ, ಅನಾರೋಗ್ಯದಿಂದ ಬಳಲುತ್ತಿದ್ದರು. 2008ರ ಜೂನ್‌ನಲ್ಲಿ ತಮಿಳುನಾಡಿನ ವೆಲಿಂಗ್ಟನ್‌ನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಪದವಿಯ ಆದೇಶ ಹೊರಬಿದ್ದ ದಿನವೇ ಸಂಬಳದ ಆದೇಶವೂ ಹೊರಬೀಳಬೇಕಿತ್ತು.