ಪಥ್ಯದ ನಡುವೆ ಒಂದು ಹೋಳಿಗೆ

ಮೈಯ ತೂಕ ಇಳಿಸಬೇಕೆಂದು ಹೊರಟವರಿಗೆ ನಮ್ಮ ಕಡೆ ಎದುರಾಗುವ ಮೊದಲ ಪರೀಕ್ಷೆಯೆಂದರೆ ಊಟದ ಪಂಕ್ತಿ. ಪೂಜೆ, ಉಪನಯನ, ಮದುವೆ, ಗೃಹಪ್ರವೇಶ ಎಂದು ಕರೆ ಬರುತ್ತಲೇ ಇರುತ್ತದೆ. ಬಾಳೆಲೆಯ ಮುಂದೆ ಕುಳಿತು ಹೋಳಿಗೆ ಬೇಡವೆಂದರೆ ಬಡಿಸುವವರಿಗೆ ಬೇಸರ. ಹಾಕಿಸಿಕೊಂಡರೆ ವೈದ್ಯರ ಮಾತು ಮೀರಿದೆವೆಂಬ ಅಳುಕು. ಈ ಇಕ್ಕಟ್ಟಿನಿಂದ ಪಥ್ಯವನ್ನೇ ಕೈಬಿಟ್ಟವರುಂಟು. ನೆಂಟರ ಮನೆಗೆ ಹೋಗುವುದನ್ನೇ ನಿಲ್ಲಿಸಿದವರೂ ಉಂಟು. ಎರಡೂ ಅನಗತ್ಯವೆಂಬುದು ನಮ್ಮ ಅಭಿಪ್ರಾಯ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತುಪ್ಪ ಸವರಿದ ಒಂದು ಹೋಳಿಗೆಯಲ್ಲಿ ಸುಮಾರು 250 ಕ್ಯಾಲೊರಿ ಎಂದಿಟ್ಟುಕೊಳ್ಳಿ. ಎರಡು ಹೋಳಿಗೆ, ಒಂದು ಲೋಟ ಪಾಯಸ ಸೇರಿದರೆ ಅಂದಾಜು 750. ಇದು ತಿಂಗಳಿಗೊಮ್ಮೆಯ ಮಾತು. ಇನ್ನು ದಿನಕ್ಕೆ ನಾಲ್ಕು ಚಹಾ ಕುಡಿದು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಹಾಕುವವರನ್ನು ನೋಡೋಣ. ಒಂದು ಚಮಚಕ್ಕೆ 5 ಗ್ರಾಂನಂತೆ ದಿನಕ್ಕೆ 40 ಗ್ರಾಂ ಸಕ್ಕರೆ, ಅಂದರೆ 160 ಕ್ಯಾಲೊರಿ, ತಿಂಗಳಿಗೆ 4,800! ಹಬ್ಬದ ಹೋಳಿಗೆಗೆ ಹೆದರುವ ನಾವು ನಿತ್ಯದ ಚಹಾವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಂಜೆ ಬೇಕರಿಯಿಂದ ಬರುವ ಪಫ್ಸ್, ಮಾತಾಡುತ್ತ ಮೆಲ್ಲುವ ಬಾಳೆಕಾಯಿ ಚಿಪ್ಸ್, ಮಕ್ಕಳು ಉಳಿಸಿದ್ದನ್ನು 'ಹಾಳಾಗಬಾರದು' ಎಂದು ಮನೆಯ ತಾಯಂದಿರು ತಿಂದು ಮುಗಿಸುವುದು, ಇವೆಲ್ಲ ಇದೇ ಸಾಲಿಗೆ ಸೇರಿದವು.

ಹಿಂದೆ ಹಳ್ಳಿಮನೆಗಳಲ್ಲಿ ಸಿಹಿಗೆ ಒಂದು ಕಾಲವಿತ್ತು. ಬಿಸು, ಅಷ್ಟಮಿ, ಚೌತಿ, ದೀಪಾವಳಿ ಬಂದರೆ ಪಾಯಸ. ಉಳಿದ ದಿನ ಕುಚ್ಚಲಕ್ಕಿ ಗಂಜಿ, ಚಟ್ನಿ, ಹಿತ್ತಿಲ ತರಕಾರಿಯ ಪದಾರ್ಥ. ಜತೆಗೆ ತೋಟದ ದುಡಿಮೆ ಬೇರೆ. ಇಂದು ತೋಟಕ್ಕೂ ಸ್ಕೂಟರಿನಲ್ಲೇ ಹೋಗುತ್ತೇವೆ, ಸಿಹಿ ಮಾತ್ರ ವಾರದ ಏಳು ದಿನವೂ ಬೇಕು. ಕೆಟ್ಟದ್ದು ಹಬ್ಬವಲ್ಲ; ಹಬ್ಬ ದಿನಚರಿಯಾದದ್ದು ಕೆಟ್ಟಿತು.

ಆದ್ದರಿಂದ ತೂಕ ಇಳಿಸುವವರು ಮೊದಲು ನಿತ್ಯದ ಊಟ ತಿದ್ದಿಕೊಳ್ಳಲಿ. ಚಹಾದ ಸಕ್ಕರೆ ಅರ್ಧವಾಗಲಿ. ಎರಡನೆಯ ಸಲದ ಅನ್ನದ ಬದಲು ಪಲ್ಯ ಹೆಚ್ಚಲಿ. ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆಯೆಂಬುದನ್ನು ಒಗ್ಗರಣೆ ಹಾಕುವಾಗ ಮರೆಯದಿರಲಿ. ಆಮೇಲೆ ಕ್ಯಾಲೆಂಡರ್ ನೋಡಿ, ಈ ತಿಂಗಳ ಸಿಹಿ ಯಾವ ದಿನಕ್ಕೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ಚೌತಿಯ ಕಡುಬೋ, ನೆರೆಮನೆಯವರು ಪ್ರೀತಿಯಿಂದ ಕರೆದ ಓಣಂ ಊಟದ ಅಡ ಪ್ರಥಮನೋ, ಅಂದು ಕುಳಿತು, ರುಚಿ ನೋಡುತ್ತ, ನಿಧಾನವಾಗಿ ತಿನ್ನಲಿ. ಕದ್ದು ತಿಂದದ್ದಕ್ಕೆ ಮಿತಿಯಿರುವುದಿಲ್ಲ. ಒಪ್ಪಿ ತಿಂದದ್ದಕ್ಕೆ ಇರುತ್ತದೆ.

ಮದುವೆಯ ಮರುದಿನ ತಕ್ಕಡಿ ಒಂದು ಕಿಲೋ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಒಂದು ಕಿಲೋ ಕೊಬ್ಬು ಸೇರಲು ನಿತ್ಯದ ಅಗತ್ಯ ಮೀರಿ ಸುಮಾರು 7,700 ಕ್ಯಾಲೊರಿ ಬೇಕು. ಒಂದು ಊಟದಿಂದ ಅದು ಆಗುವುದಿಲ್ಲ. ಹೆಚ್ಚಿದ್ದು ಬಹುಪಾಲು ಉಪ್ಪು ಮತ್ತು ಅನ್ನ ಹಿಡಿದಿಟ್ಟ ನೀರು. ಅದಕ್ಕೆ ಶಿಕ್ಷೆಯೆಂದು ಮರುದಿನ ಉಪವಾಸ ಕೂತರೆ ಸಂಜೆಗೆ ಹಸಿವು ಇಮ್ಮಡಿಸಿ, ಸಿಕ್ಕಿದ್ದನ್ನೆಲ್ಲ ತಿನ್ನುವಂತಾದೀತು. ಎಂದಿನ ಮಿತ ಊಟಕ್ಕೆ ಮರಳಿದರೆ ಸಾಕು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಈ ಮಾತುಗಳನ್ನು ತಮಗೂ ಅನ್ವಯಿಸಿಕೊಳ್ಳುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಹಾಗೆಯೇ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದವರು ಉದಾಸೀನ ಮಾಡಬಾರದು. 70 ಕಿಲೋ ತೂಗುವವರು ಮೂರೂವರೆ ಕಿಲೋ ಇಳಿಸಿದರೂ ರಕ್ತದ ಒತ್ತಡಕ್ಕೆ, ಸಕ್ಕರೆಗೆ ಗುಣ ಕಾಣುತ್ತದೆ.

ಕೊನೆಯದಾಗಿ ಉಪಚಾರ ಮಾಡುವವರಲ್ಲಿ ಒಂದು ವಿನಂತಿ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ 'ಇದೊಂದು ನನ್ನ ಲೆಕ್ಕದಲ್ಲಿ' ಎಂದು ಒತ್ತಾಯಿಸಿ ಬಡಿಸುವುದು ಪ್ರೀತಿಯೇ ಹೌದು. ಆದರೆ ಒಂದು ಹೋಳಿಗೆ ತಿಂದು ಸಾಕೆಂದವರ ಮಾತಿಗೆ ಬೆಲೆ ಕೊಡುವುದು ಅದಕ್ಕಿಂತ ದೊಡ್ಡ ಪ್ರೀತಿ. ಹಾಗಾದಾಗ ಪಥ್ಯದವರು ಮುಂದಿನ ಕರೆಗೂ ಸಂತೋಷದಿಂದ ಬಂದು ಪಂಕ್ತಿಯಲ್ಲಿ ಕೂರುತ್ತಾರೆ.